ಗೌತಮಪುರ: ಪೆಲೆಗೂ ಜಾಗ ಕೊಟ್ಟ ಕೇರಿ

ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಪೆಲೆ ಇಲ್ಲಿ ಆಡಿದವರಲ್ಲ. 1977ರಲ್ಲಿ ನ್ಯೂಯಾರ್ಕ್ ಕಾಸ್ಮೋಸ್ ತಂಡದ ಜೊತೆ ಕಲ್ಕತ್ತೆಗೆ ಬಂದು, ಮೋಹನ್ ಬಾಗಾನ್ ಎದುರು 2-2ರಲ್ಲಿ ಸಮ ಮಾಡಿಕೊಂಡು ಹೊರಟರು. ಅದರಿಂದ ಈ ಕೇರಿಯವರಿಗೆ ಏನೂ ಕೊರತೆಯಾದಂತಿಲ್ಲ. ವಿಶ್ವಕಪ್ ಬಂತೆಂದರೆ ಗೋಡೆಗಳಿಗೆ ಹಳದಿ, ಹಸಿರು ಬಣ್ಣ ಬೀಳುತ್ತದೆ, ತಂತಿಗಳ ನಡುವೆ ಬಾವುಟ ಏರುತ್ತದೆ. ‘ಮಿನಿ ಬ್ರೆಜಿಲ್’ ಎಂಬ ಹೆಸರನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಬಸವನಗುಡಿ, ಮಲ್ಲೇಶ್ವರದ ಬೆಂಗಳೂರಿಗೆ ಕ್ರಿಕೆಟ್ ಹೇಗೋ ದಂಡಿನ ಬೆಂಗಳೂರಿಗೆ ಫುಟ್‌ಬಾಲ್ ಹಾಗೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು. ಸೈನ್ಯದ ಹಿಂದೆಯೇ ತಮಿಳು ಸೀಮೆಯ ಕೂಲಿಗಳು, ಅಡುಗೆಯವರು, ಕುದುರೆಯಾಳುಗಳು ಬಂದು ನೆಲೆಸಿದರು. ಗೌತಮಪುರಕ್ಕೆ ಹಳಬರು ‘ಗನ್ ಟ್ರೂಪ್’ ಎನ್ನುವುದುಂಟು, ತೋಪುಗಾರರ ಕಾಲದ ಗುರುತು ಅದು. ಗೋರಾ ಸಿಪಾಯಿಗಳು ಬೂಟು ಹಾಕಿ ಆಡುವುದನ್ನು ನೋಡಿದ ಕೇರಿಯ ಹುಡುಗರು ಬರಿಗಾಲಲ್ಲೇ ಆಡಲು ಶುರುಮಾಡಿದರು.

ಆ ಬರಿಗಾಲಿನ ಆಟ ಎಲ್ಲಿಯವರೆಗೆ ಹೋಯಿತು ನೋಡಿ. ಮುಂಬಯಿಯ ರೋವರ್ಸ್ ಕಪ್ 1891ರಿಂದಲೂ ಗೋರಾ ಪಲ್ಟನ್ನುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಅವರ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತದ್ದು ಆಗಿನ ಹುಲಿಗಳಾದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಇಲ್ಲಿಗೇ ಬಂತು, 1948ರಲ್ಲಿ ಮತ್ತೊಮ್ಮೆ. ಈ ಸಂಗತಿ ನಮ್ಮ ಶಾಲೆಯ ಪುಸ್ತಕಗಳಲ್ಲಿ ಏಕಿಲ್ಲ ಎಂದು ಕೇಳುವುದನ್ನು ನಾನಿನ್ನೂ ಬಿಟ್ಟಿಲ್ಲ.

ಅದೇ 1948ರ ಲಂಡನ್ ಒಲಿಂಪಿಕ್ಸ್. ಫ್ರಾನ್ಸ್ ಎದುರು ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲಿ ಇಳಿದರು, ಎರಡು ಪೆನಾಲ್ಟಿ ಕೈಚೆಲ್ಲಿದರು, 1-2ರಲ್ಲಿ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಪಕ್ಕದಲ್ಲೇ ಆಡುತ್ತಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರಾಗಿ ಅವರು ಕಲ್ಕತ್ತೆಯ ಮನೆಮಾತಾದರು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿಯೂ ಅವರಿದ್ದರು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳಿಂದ ಹೊರಟ ಹುಡುಗರ ಹೆಸರು ಬರೆಯುತ್ತಾ ಹೋದರೆ ಈ ಪುಟ ಸಾಲದು.

ಆಟಗಾರರನ್ನು ಕಲ್ಕತ್ತೆ ಒಯ್ದರೆ, ಉಳಿದವರನ್ನು ಸಾಕಿದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐ ಮುಂತಾದ ತಂಡಗಳಲ್ಲಿ ಜಾಗ ಸಿಕ್ಕರೆ ಖಾಯಂ ನೌಕರಿ, ಕ್ಯಾಂಟೀನ್ ಊಟ, ಕೊನೆಗೆ ಪಿಂಚಣಿ. ಮಗ ಸಂಜೆ ಚೆಂಡು ಹಿಡಿದು ಹೊರಟರೆ ತಾಯಿ ಬೈಯದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಆಟ ಕಂಪನಿಯ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ಯೋಚಿಸಿದರೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದ ಕಥೆ ಇಲ್ಲಿ ನೆನಪಾಗುತ್ತದೆ. 1933ರಲ್ಲಿ ಹುಟ್ಟಿದ ಅಲ್ಲಿನ ಕ್ಲಬ್ಬಿನ ಬಣ್ಣ ನೇರಳೆ. 2005ರಲ್ಲಿ ರೆಡ್‌ಬುಲ್ ಅದನ್ನು ಕೊಂಡು ಹೆಸರನ್ನೂ ಬಣ್ಣವನ್ನೂ ಬದಲಿಸಿತು. ಮುನಿದ ಅಭಿಮಾನಿಗಳು ಹಳೆಯ ಹೆಸರಲ್ಲೇ ಬೇರೆ ಕ್ಲಬ್ ಕಟ್ಟಿ, 2006ರಲ್ಲಿ ಏಳನೆಯ ದರ್ಜೆಯ ಲೀಗ್‌ನಿಂದ ಮತ್ತೆ ಆಡಲು ಶುರುಮಾಡಿದರು. ಕಂಪನಿಯ ತಂಡ ಪ್ರಶಸ್ತಿಗಳನ್ನು ಬಾಚಿಕೊಂಡರೂ ನೇರಳೆಯವರು ಹಿಂದಕ್ಕೆ ಹೋಗಲಿಲ್ಲ.

ಗೌತಮಪುರದವರು ಹಾಗೆ ಸಿಡಿದೇಳಲು ಅವರ ಕೈಯಲ್ಲಿ ಕ್ಲಬ್ಬೇ ಇರಲಿಲ್ಲ. ಅಂಗಿ ಕಾರ್ಖಾನೆಯದು, ಕಾಲು ಮಾತ್ರ ಕೇರಿಯದು. ಐಟಿಐ ಸೊರಗಿದಾಗ, 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿದಾಗ, ಕೇರಿಯವರು ಕಳೆದುಕೊಂಡದ್ದು ಬಣ್ಣವನ್ನಲ್ಲ, ಕೆಲಸವನ್ನು. ಬಣ್ಣ ಹೋದ ಸಂಕಟಕ್ಕೆ ಯುರೋಪಿನಲ್ಲಿ ಪುಸ್ತಕಗಳೇ ಬರುತ್ತವೆ. ಕೆಲಸ ಹೋದ ಸಂಕಟ ಇಲ್ಲಿ ಪತ್ರಿಕೆಯ ಮೂಲೆಗೂ ಬರಲಿಲ್ಲ.

2013ರಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, ಕಂಠೀರವ ಕ್ರೀಡಾಂಗಣಕ್ಕೆ ಹೊಸ ಪ್ರೇಕ್ಷಕರನ್ನು ಕರೆತಂದಿತು. ಅದು ಒಳ್ಳೆಯದೇ. ಆದರೆ 1969ರಿಂದ ಕೈಗೆ ಸಿಗದ, ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. 54 ವರ್ಷಗಳ ಆ ಬರಗಾಲದಲ್ಲಿಯೂ ಗೌತಮಪುರದ ಮೈದಾನಕ್ಕೆ ಹುಡುಗರು ಬರುವುದು ನಿಲ್ಲಲಿಲ್ಲ. ನೋಡಬೇಕೆನಿಸಿದರೆ ಟ್ರಿನಿಟಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಹಲಸೂರಿನ ಕಡೆಗೆ ಸಾಗಿ. ಸಂಜೆ ಹೋದರೆ ಒಳ್ಳೆಯದು, ಭಾನುವಾರವಾದರೆ ಇನ್ನೂ ಒಳ್ಳೆಯದು. ದಾರಿ ತಪ್ಪಿದರೆ ಗಲ್ಲಿಯಲ್ಲಿ ಯಾರನ್ನಾದರೂ ‘ಪೆಲೆ ಎಲ್ಲಿ?’ ಎಂದು ಕೇಳಿ.