ಗೆರೆಗಳಿಗೆ ಮೈ ಬಂದಾಗ

1993ರಲ್ಲಿ ದೂರದರ್ಶನವು ಭಾನುವಾರದ ಬೆಳಗಿನ ಹೊತ್ತು ‘ಜಂಗಲ್ ಬುಕ್’ ಎಂಬ ಕಾರ್ಟೂನು ಮಾಲೆಯನ್ನು ಪ್ರಸಾರ ಮಾಡತೊಡಗಿತು. ಮಾಲೆ ತಯಾರಾದದ್ದು ಜಪಾನಿನಲ್ಲಿ. ಕೇಳಿಬರುತ್ತಿದ್ದ ಮಾತು ಹಿಂದಿಯದು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳಲ್ಲಿ ಆಗ ಬಾಲ್ಯವನ್ನು ಕಳೆದವರಿಗೆ ಮೌಗ್ಲಿ, ಭಾಲೂ, ಬಘೀರ, ಶೇರ್ ಖಾನ್ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ಅದೇ ಕಥೆ ನಿಜವಾದ ಹುಡುಗನೊಬ್ಬನು ನಟಿಸಿದ ಚಲಚ್ಚಿತ್ರವಾಗಿ ಬಂದಿತು. ಗೆರೆಗಳಲ್ಲಿ ಮಾತ್ರ ಕಂಡಿದ್ದ ಕರಡಿಯು ರೋಮಸಹಿತವಾಗಿ ಎದುರು ನಿಂತಾಗ, ‘ಇವನೇ ನಮ್ಮ ಭಾಲೂ’ ಎಂದು ಮನಸ್ಸು ಒಪ್ಪಿಕೊಳ್ಳುವುದು ಹೇಗೆ?

ಮೊದಲು ಚಲನೆಯ ವಿಷಯವನ್ನು ನೋಡೋಣ. ತೆರೆಯ ಮೇಲೆ ಯಾವ ಚಿತ್ರವೂ ಚಲಿಸುವುದಿಲ್ಲ. ಸೆಕೆಂಡಿಗೆ 24ರಂತೆ ಸ್ಥಿರಚಿತ್ರಗಳು ಒಂದರ ಹಿಂದೊಂದು ಬಂದುಹೋಗುತ್ತವೆ. ನಡುವಣ ಅಂತರವನ್ನು ನಮ್ಮ ಮಿದುಳೇ ಚಲನೆಯಾಗಿ ತುಂಬಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರನು ಈ ತೋರಿಕೆಯ ಚಲನೆಯನ್ನು ಕುರಿತ ತನ್ನ ಪ್ರಯೋಗಗಳನ್ನು 1912ರಲ್ಲಿ ಪ್ರಕಟಿಸಿದನು. ಕೈಯಿಂದ ಬರೆದ ಕಾರ್ಟೂನುಗಳಲ್ಲಿ ಒಂದೊಂದು ಚಿತ್ರವನ್ನು ಎರಡೆರಡು ಬಾರಿ ತೋರಿಸುವ ರೂಢಿಯುಂಟು. ಆಗ ಸೆಕೆಂಡಿಗೆ 12 ಚಿತ್ರಗಳೇ ಸಾಕು. ಇದನ್ನು ನೀವೇ ಪರೀಕ್ಷಿಸಬಹುದು. ಹಳೆಯ ನೋಟುಪುಸ್ತಕದ ಹಾಳೆಗಳ ಮೂಲೆಯಲ್ಲಿ ಸ್ವಲ್ಪಸ್ವಲ್ಪವೇ ಮೇಲೇರುವ ಚೆಂಡನ್ನು ಬರೆದು, ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ಬಿಡಿರಿ. ಚೆಂಡು ಪುಟಿಯುತ್ತದೆ!

ಇನ್ನು ರೂಪದ ವಿಷಯ. ಕಾರ್ಟೂನಿನ ಶಕ್ತಿ ಇರುವುದು ಬೇಡವಾದುದನ್ನು ಬಿಟ್ಟುಬಿಡುವುದರಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲೊಂದಿದೆ. ಅವುಗಳಿಗೆ ರೋಮವಿಲ್ಲ, ಬಣ್ಣವಿಲ್ಲ, ಉಸಿರಿಲ್ಲ. ಆದರೂ ಅವು ಆನೆಗಳೆಂಬುದನ್ನು ಎಳೆಯ ಮಗುವೂ ಹೇಳಬಲ್ಲದು. ಸೊಂಡಿಲು, ಬೆನ್ನಿನ ಬಾಗು, ಕಂಬದಂಥ ಕಾಲು, ಇಷ್ಟು ಲಕ್ಷಣಗಳಿದ್ದರೆ ಮಿದುಳು ಉಳಿದುದನ್ನು ಪೂರೈಸಿಕೊಳ್ಳುತ್ತದೆ. ಕಾರ್ಟೂನಿನ ಭಾಲೂ ಕೂಡ ಇಂಥ ಕೆಲವೇ ಲಕ್ಷಣಗಳ ಕಟ್ಟು; ಬಾಲ್ಯದಲ್ಲಿ ನಮ್ಮ ನೆನಪಿಗೆ ಇಳಿದದ್ದು ಆ ಕಟ್ಟು.

ಚಲಚ್ಚಿತ್ರವು ಹಿಡಿಯುವ ದಾರಿ ಇದಕ್ಕೆ ವಿರುದ್ಧವಾದುದು; ಬಿಟ್ಟುದೆಲ್ಲವನ್ನೂ ಅದು ಮರಳಿ ಸೇರಿಸಬೇಕು. ಜಾನ್ ಫಾವ್ರೋ ನಿರ್ದೇಶಿಸಿದ ಈ ಚಿತ್ರದ ಕಾಡು ಬೆಳೆದದ್ದು ಲಾಸ್ ಏಂಜಲಿಸಿನ ಸ್ಟುಡಿಯೋದಲ್ಲಿ. ಬಾಲನಟ ನೀಲ್ ಸೇಠಿಯು ನೀಲಿ ಪರದೆಗಳ ನಡುವೆ, ಪ್ರಾಣಿಗಳಿಗೆ ಬದಲಾಗಿ ಬೊಂಬೆಗಳೊಡನೆ ನಟಿಸಿದನು. ಪ್ರಾಣಿಗಳನ್ನೂ ಗಿಡಮರಗಳನ್ನೂ ಗಣಕಯಂತ್ರಗಳಲ್ಲಿ ರಚಿಸಲಾಯಿತು. ಮೊದಲು ಎಲುಬಿನ ಹಂದರ, ಅದರ ಮೇಲೆ ಸ್ನಾಯು, ಅದರ ಮೇಲೆ ಜಾರಾಡುವ ಚರ್ಮ, ಕೊನೆಗೆ ರೋಮ. ಅನಂತರ ಬೆಳಕಿನ ಕಿರಣವು ಎಲ್ಲಿ ಬಿದ್ದು ಎತ್ತ ಹೊರಳುವುದೆಂಬ ಲೆಕ್ಕ. ಈ ಕಾರ್ಯದಲ್ಲಿ ಎಂ.ಪಿ.ಸಿ. ಸಂಸ್ಥೆಯ ಅಂದಿನ ಬೆಂಗಳೂರು ಶಾಖೆಯ ಕಲಾವಿದರೂ ಪಾಲ್ಗೊಂಡಿದ್ದರು. ಚಿತ್ರಕ್ಕೆ 2017ರಲ್ಲಿ ದೃಶ್ಯಪರಿಣಾಮಗಳಿಗಾಗಿ ಆಸ್ಕರ್ ಪ್ರಶಸ್ತಿ ದೊರೆಯಿತು.

ಇಷ್ಟೆಲ್ಲ ಸೇರಿಸಿದರೂ ಹಳೆಯ ಲಕ್ಷಣಗಳ ಕಟ್ಟು ಕೆಡಬಾರದು. ನಿಜವನ್ನು ಬಹುಮಟ್ಟಿಗೆ ಹೋಲಿಯೂ ಎಲ್ಲೋ ತುಸು ತಪ್ಪಿದ ಮುಖವು ನಮಗೆ ಅಸಹ್ಯವಾಗಿ ತೋರುತ್ತದೆಂದು ಜಪಾನಿನ ಮಸಾಹಿರೊ ಮೋರಿಯು 1970ರಲ್ಲಿ ಸೂಚಿಸಿದ್ದನು. ಅಪಾಯವಿರುವುದು ಅಲ್ಲಿಯೇ. ಪರಿಚಿತವಾದ ನಡೆಯಾಗಲಿ ದನಿಯಾಗಲಿ ಒಂದು ಉಳಿದಿದ್ದರೆ ಮನಸ್ಸು ಬೇಗನೆ ಒಪ್ಪುತ್ತದೆ. 1993ರ ಮಾಲೆಯಲ್ಲಿ ಶೇರ್ ಖಾನನಿಗೆ ದನಿ ಕೊಟ್ಟಿದ್ದ ನಾನಾ ಪಾಟೇಕರರೇ 2016ರ ಹಿಂದಿ ಅವತರಣಿಕೆಯಲ್ಲಿಯೂ ಅವನಿಗೆ ದನಿಯಾದರು. ಹುಲಿ ಹೊಸದು, ಗರ್ಜನೆ ಹಳೆಯದು! ನಮ್ಮ ಸಂತೋಷದ ಗುಟ್ಟು ಇದೇ: ಹೊಸತನ್ನು ಕಾಣುತ್ತಲೇ ಹಳೆಯದನ್ನು ಗುರುತಿಸುವುದು.

ಆದರೆ ಗುರುತಿಸಿದ ಮಾತ್ರಕ್ಕೆ ಅರಿತಂತಾಗಲಿಲ್ಲ. ಈ ಚಿತ್ರದಲ್ಲಿ ಆನೆಮರಿಯೊಂದು ಗುಂಡಿಗೆ ಬೀಳುತ್ತದೆ. ಮೌಗ್ಲಿಯು ಹಿಂಡಿನ ನಡುವೆ ನಿಂತು, ಹಗ್ಗ ಕಟ್ಟಿ ಅದನ್ನು ಮೇಲೆತ್ತಿಸುತ್ತಾನೆ. ನೋಡುವವರ ಕಣ್ಣು ತೇವವಾಗುತ್ತದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆಯ ಗದ್ದೆ ತೋಟಗಳಿಗೆ ಬರುವ ಆನೆಗಳಾದರೋ ಲೆಕ್ಕಾಚಾರದಿಂದ ಹುಟ್ಟಿದವಲ್ಲ. ಮರಿಯ ಜೊತೆಗಿರುವ ತಾಯಿಯು ಹತ್ತಿರ ಬಂದವನ ಒಳ್ಳೆಯ ಉದ್ದೇಶವನ್ನು ವಿಚಾರಿಸುವುದಿಲ್ಲ. ಅಲ್ಲಿ ಮನುಷ್ಯರೂ ಪ್ರಾಣ ಕಳೆದುಕೊಂಡಿದ್ದಾರೆ. ಆನೆಗಳೂ ಸೆರೆಯಾಗಿ ಬೇರೆಡೆಗೆ ಹೋಗಿವೆ. ತೆರೆಯ ಆನೆಯ ನೆನಪಿನಿಂದ ಮೊಬೈಲು ಹಿಡಿದು ತೋಟದ ಆನೆಯ ಬಳಿಗೆ ಹೋಗುವುದು ಜೀವಕ್ಕೇ ಎರವಾದೀತು.

ಆದುದರಿಂದ ಗೆರೆಯ ಮೌಗ್ಲಿಯನ್ನೂ ಮೈತಳೆದ ಮೌಗ್ಲಿಯನ್ನೂ ಮನಸಾರೆ ಮೆಚ್ಚೋಣ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅದೇ ಚಿತ್ರದಲ್ಲಿ ಆನೆಗಳು ಹಾದುಹೋಗುವಾಗ ಬಘೀರನು ಮೌಗ್ಲಿಗೆ ತಲೆಬಾಗಲು ಹೇಳುತ್ತಾನೆ. ದೂರದಲ್ಲಿ ನಿಂತು ದಾರಿ ಬಿಡುವ ಆ ಪಾಠವೊಂದು ಮಾತ್ರ ತೆರೆಯ ಕಾಡಿಗೂ ನಮ್ಮ ಕಾಡಿಗೂ ಸಮನಾಗಿ ಸಲ್ಲುತ್ತದೆ.