ಒಂದೇ ಕೈಯಲ್ಲಿ ಎರಡು ಕೀಲಿಕೈ

1762ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಬೇರಿಂಗ್ಸ್ ಬ್ಯಾಂಕು 1995ರ ಫೆಬ್ರವರಿಯಲ್ಲಿ ಕುಸಿದು ಬಿದ್ದಿತು. ಅದರ ಸಿಂಗಪುರದ ಕಚೇರಿಯಲ್ಲಿ ಪೇಟೆಯ ವ್ಯವಹಾರ ಕುದುರಿಸುವವನೂ ನಿಕ್ ಲೀಸನ್, ಆ ವ್ಯವಹಾರದ ಲೆಕ್ಕವನ್ನು ಚುಕ್ತಾ ಮಾಡಿಸುವವನೂ ಅವನೇ. ನಷ್ಟವನ್ನೆಲ್ಲ ಆತ 88888 ಎಂಬ ಖಾತೆಯಲ್ಲಿ ಅಡಗಿಸಿಟ್ಟಿದ್ದ. ಈ ಎರಡು ಹೊಣೆಗಳನ್ನು ಬೇರ್ಪಡಿಸಬೇಕೆಂದು ಬ್ಯಾಂಕಿನ ಒಳತಪಾಸಣೆ 1994ರಲ್ಲಿಯೇ ಸೂಚಿಸಿತ್ತು, ಯಾರೂ ಬೇರ್ಪಡಿಸಲಿಲ್ಲ. ಒಟ್ಟು ನಷ್ಟ 82 ಕೋಟಿ 70 ಲಕ್ಷ ಪೌಂಡು!

ಇಂದು ಕಚೇರಿಗಳಲ್ಲಿ ಲೆಕ್ಕದ ಪುಸ್ತಕದ ಸ್ಥಾನವನ್ನು ಕಂಪ್ಯೂಟರಿನ ತಂತ್ರಾಂಶ ವಹಿಸಿಕೊಂಡಿದೆ. ಅಲ್ಲಿ ಅಧಿಕಾರ ಸಲ್ಲುವುದು ವ್ಯಕ್ತಿಗಲ್ಲ, ಆತ ವಹಿಸುವ ಪಾತ್ರಕ್ಕೆ. ಈ ಕ್ರಮವನ್ನು 1992ರಲ್ಲಿ ಅಮೆರಿಕದ ಫೆರೈಯೊಲೊ ಮತ್ತು ಕುನ್ ಎಂಬ ಇಬ್ಬರು ತಜ್ಞರು ಶಾಸ್ತ್ರೀಯವಾಗಿ ನಿರೂಪಿಸಿದರು. ಬಿಲ್ಲು ದಾಖಲಿಸುವುದು ಒಂದು ಪಾತ್ರ, ಅದಕ್ಕೆ ಒಪ್ಪಿಗೆ ನೀಡುವುದು ಇನ್ನೊಂದು. ಎರಡನ್ನೂ ಒಬ್ಬನಿಗೇ ವಹಿಸಹೊರಟರೆ ತಂತ್ರಾಂಶವೇ ತಡೆಯುವಂತೆ ನಿಯಮಿಸಬಹುದು.

ತೊಡಕು ಬರುವುದು ವರ್ಗಾವಣೆಯಾದಾಗ. ಖರೀದಿ ವಿಭಾಗದ ಗುಮಾಸ್ತೆ ಪಾವತಿ ವಿಭಾಗಕ್ಕೆ ಹೋದನೆನ್ನಿ. ಹೊಸ ಪಾತ್ರ ಕೊಡುವುದನ್ನು ಯಾರೂ ಮರೆಯರು. ಅವನೇ ಬಂದು ಕೇಳುತ್ತಾನಲ್ಲ! ಹಳೆಯದನ್ನು ಹಿಂದಕ್ಕೆ ಪಡೆಯುವುದು ಮಾತ್ರ ಯಾರಿಗೂ ನೆನಪಾಗದು. ಆದುದರಿಂದಲೇ ಮೇಲಧಿಕಾರಿ ವರ್ಷಕ್ಕೊಮ್ಮೆಯಾದರೂ ಪಾತ್ರಗಳ ಪಟ್ಟಿಯನ್ನು ತರಿಸಿಕೊಂಡು, ಒಂದೊಂದು ಹೆಸರಿನ ಮುಂದೆಯೂ ಬೆರಳಿಟ್ಟು, ಇದು ಇವನಿಗೆ ಇನ್ನೂ ಬೇಕೆ ಎಂದು ವಿಚಾರಿಸಬೇಕಾಗುತ್ತದೆ.