ಬಿಸಿಲ ನಾಡಿನ ಅಂಗಳದಲ್ಲಿ ಐಸ್‌ಲ್ಯಾಂಡ್ ಪಾಪಿ: ಬೆಳೆಯಬಹುದೇ, ಬೆಳೆಯಲು ಅಡ್ಡಿ ಇದೆಯೇ?

ಹೊಸಪೇಟೆ: ಕಾಗದದಷ್ಟು ತೆಳುವಾದ ಎಸಳು, ಎಲೆಯೇ ಇಲ್ಲದ ನೀಳ ದೇಟು, ಹಳದಿ, ಕಿತ್ತಳೆ, ಬಿಳಿ ಬಣ್ಣಗಳ ಬಟ್ಟಲಿನಾಕಾರದ ಹೂ. ಬೀಜದ ಪೊಟ್ಟಣಗಳ ಮೇಲೆ ಕಂಗೊಳಿಸುವ ಐಸ್‌ಲ್ಯಾಂಡ್ ಪಾಪಿಯ ಚಿತ್ರಕ್ಕೆ ಮನಸೋಲದವರು ವಿರಳ. ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಮನೆಯಂಗಳಗಳಲ್ಲಿ ಈ ಶೀತ ಪ್ರದೇಶದ ಹೂ ಅರಳುವುದೇ? ಪಾಪಿ ಎಂದರೆ ಗಸಗಸೆ ಗಿಡವಲ್ಲವೇ, ಅದನ್ನು ಬೆಳೆಯುವುದು ಅಪರಾಧವಲ್ಲವೇ? ಬೀಜಕ್ಕೆ ಹಣ ತೆರುವ ಮುನ್ನ ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಅಗತ್ಯ.

ಹೆಸರಿನಲ್ಲಷ್ಟೇ ಐಸ್‌ಲ್ಯಾಂಡ್

ಈ ಗಿಡಕ್ಕೂ ಐಸ್‌ಲ್ಯಾಂಡ್ ದೇಶಕ್ಕೂ ಹುಟ್ಟಿನ ನಂಟಿಲ್ಲ. ಇದರ ತವರು ಸೈಬೀರಿಯಾ ಹಾಗೂ ಮಧ್ಯ ಏಷ್ಯಾದ ತಂಪು ಪ್ರದೇಶಗಳು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಪಪಾವರ್ ನ್ಯುಡಿಕಾಲೆ ಎಂದು ನಾಮಕರಣ ಮಾಡಿದನು. ‘ನ್ಯುಡಿಕಾಲೆ’ ಎಂದರೆ ಬರಿಗಾಂಡದ್ದು ಎಂದರ್ಥ. ಎಲೆಗಳೆಲ್ಲ ಬುಡದಲ್ಲೇ ಗುಂಪಾಗಿರುತ್ತವೆ. ಅವುಗಳ ನಡುವಿನಿಂದ ಎಲೆಯಿಲ್ಲದ, ರೋಮಭರಿತ ದೇಟು ಮೇಲೇಳುತ್ತದೆ. ತುದಿಯಲ್ಲಿ ಒಂದೇ ಹೂ.

ತವರಿನಲ್ಲಿ ಹಲವು ವರ್ಷ ಬಾಳುವ ಈ ಗಿಡ ನಮ್ಮ ದೇಶದ ಬಯಲು ಸೀಮೆಗಳಲ್ಲಿ ಒಂದೇ ಚಳಿಗಾಲದ ಅತಿಥಿ. ಉತ್ತರ ಭಾರತದ ಉದ್ಯಾನಗಳಲ್ಲಿ ಮಳೆಗಾಲದ ಕೊನೆಗೆ ಬಿತ್ತಿ, ಚಳಿ ಮುಗಿಯುವ ಹೊತ್ತಿಗೆ ಹೂ ನೋಡುವುದು ರೂಢಿ. ಬೇಸಿಗೆ ಬಂದೊಡನೆ ಗಿಡ ಸಾಯುತ್ತದೆ.

ಕಾನೂನು ಏನು ಹೇಳುತ್ತದೆ?

ಪಾಯಸಕ್ಕೆ ಬಳಸುವ ಗಸಗಸೆ ಬರುವುದು ಪಪಾವರ್ ಸೋಮ್ನಿಫೆರಮ್ ಎಂಬ ಬೇರೆಯೇ ಜಾತಿಯಿಂದ. ಅಫೀಮು ಸ್ರವಿಸುವುದೂ ಇದರ ಕಾಯಿಯೇ. 1985ರ ಎನ್‌ಡಿಪಿಎಸ್ ಕಾಯ್ದೆಯ 8ನೇ ಕಲಂ ಪರವಾನಗಿ ಇಲ್ಲದೆ ಈ ಗಿಡ ಬೆಳೆಯುವುದನ್ನು ನಿಷೇಧಿಸುತ್ತದೆ. 18ನೇ ಕಲಂ ಪ್ರಕಾರ ಇದಕ್ಕೆ ಹತ್ತು ವರ್ಷಗಳವರೆಗಿನ ಕಠಿಣ ಸಜೆ ಹಾಗೂ ಒಂದು ಲಕ್ಷ ರೂಪಾಯಿವರೆಗಿನ ದಂಡ ವಿಧಿಸಬಹುದಾಗಿದೆ. ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶಗಳ ನಿಗದಿತ ಪ್ರದೇಶಗಳಲ್ಲಿ ಮಾತ್ರ ಕೇಂದ್ರ ಸರ್ಕಾರದ ಪರವಾನಗಿಯಡಿ ಇದರ ಬೇಸಾಯ ನಡೆಯುತ್ತದೆ. ಕರ್ನಾಟಕಕ್ಕೆ ಅಂತಹ ಅವಕಾಶವಿಲ್ಲ.

ಗಸಗಸೆ ಬೀಜವನ್ನು ಕೊಳ್ಳುವುದಾಗಲಿ, ತಿನ್ನುವುದಾಗಲಿ ತಪ್ಪಲ್ಲ. ಆದರೆ ಅಡುಗೆಮನೆಯ ಡಬ್ಬಿಯಲ್ಲಿನ ಬೀಜವನ್ನು ‘ಹೂ ಬಂದೀತು’ ಎಂದು ಹಿತ್ತಲಲ್ಲಿ ಚೆಲ್ಲಿದರೆ ಅದು ಬೇಸಾಯವಾಗುತ್ತದೆ. ಅಂದಕ್ಕಾಗಿ ಬೆಳೆದೆ ಎಂಬ ಸಮಜಾಯಿಷಿ ಕಾನೂನಿನ ಮುಂದೆ ರಕ್ಷಣೆ ನೀಡಲಾರದು.

ಐಸ್‌ಲ್ಯಾಂಡ್ ಪಾಪಿ ಅಫೀಮಿನ ಗಿಡವಲ್ಲ. ಅದು ಕೇವಲ ಅಲಂಕಾರದ ಹೂ. ಅಪಾಯವಿರುವುದು ಬೆರಕೆ ಬೀಜದಲ್ಲಿ. ‘ಪಾಪಿ ಮಿಶ್ರಣ’, ‘ಪಿಯೋನಿ ಪಾಪಿ’, ‘ಬ್ರೆಡ್‌ಸೀಡ್ ಪಾಪಿ’ ಎಂಬ ಹೆಸರಿನ ಪೊಟ್ಟಣಗಳಲ್ಲಿ ಸೋಮ್ನಿಫೆರಮ್ ಜಾತಿಯೇ ಇರುವ ಸಾಧ್ಯತೆ ಉಂಟು. ಆದ್ದರಿಂದ ಸಸ್ಯಶಾಸ್ತ್ರೀಯ ಹೆಸರು ಸ್ಪಷ್ಟವಾಗಿ ಮುದ್ರಿತವಾದ ಪೊಟ್ಟಣವನ್ನಷ್ಟೇ ಕೊಳ್ಳಬೇಕು. ರಸೀದಿ ಹಾಗೂ ಪೊಟ್ಟಣ ಎರಡನ್ನೂ ಕಾಯ್ದಿಟ್ಟುಕೊಳ್ಳಬೇಕು.

ಗಿಡ ಬೆಳೆದ ಮೇಲೂ ಗುರುತಿಸುವುದು ಕಷ್ಟವಲ್ಲ. ಅಫೀಮಿನ ಗಿಡದ ಎಲೆ ಅಗಲ, ಬೂದಿ ಮಿಶ್ರಿತ ಹಸಿರು ಬಣ್ಣ, ಮೇಣ ಸವರಿದಂತಹ ನುಣುಪು. ಎಲೆಗಳು ಕಾಂಡವನ್ನು ಅಪ್ಪಿಕೊಂಡು ಮೇಲಿನವರೆಗೂ ಇರುತ್ತವೆ. ಐಸ್‌ಲ್ಯಾಂಡ್ ಪಾಪಿಯ ಎಲೆ ಗರಿಯಂತೆ ಸೀಳಿದ್ದು, ನೆಲಮಟ್ಟದಲ್ಲೇ ಉಳಿಯುತ್ತದೆ. ಹೂದೇಟಿನ ಮೇಲೆ ಎಲೆ ಕಂಡರೆ ಅದು ಐಸ್‌ಲ್ಯಾಂಡ್ ಪಾಪಿಯಲ್ಲ ಎಂದು ತಿಳಿದು ಒಡನೆ ಕಿತ್ತು ಹಾಕುವುದು ಲೇಸು.

ನೂರಿಪ್ಪತ್ತು ದಿನಗಳ ಲೆಕ್ಕ

ಬಿತ್ತನೆಯಿಂದ ಹೂವಿಗೆ ಮೂರೂವರೆಯಿಂದ ನಾಲ್ಕು ತಿಂಗಳು ಬೇಕು. ಮೊಳಕೆಗೂ ಬೆಳವಣಿಗೆಗೂ ತಂಪು ಬೇಕು. ನಮ್ಮಲ್ಲಿ ಸೆಪ್ಟೆಂಬರ್ ಇನ್ನೂ ಸೆಕೆಯ ತಿಂಗಳು; ಫೆಬ್ರುವರಿಯ ನಡುವಿನಿಂದಲೇ ಬಿಸಿಲು ಏರತೊಡಗುತ್ತದೆ. ಹೀಗಾಗಿ ಅಕ್ಟೋಬರ್ ಮೊದಲ ವಾರ ಬಿತ್ತಿದರೆ ಜನವರಿಯ ಮಧ್ಯಭಾಗ ಅಥವಾ ಕೊನೆಯಲ್ಲಿ ಮೊದಲ ಹೂ ನಿರೀಕ್ಷಿಸಬಹುದು. ಆ ಬಳಿಕ ನಾಲ್ಕರಿಂದ ಆರು ವಾರಗಳ ಸಂಭ್ರಮ ಮಾತ್ರ. ನವೆಂಬರ್ ಕೊನೆಯಲ್ಲಿ ಬಿತ್ತಿದವರಿಗೆ ಮೊಗ್ಗು ಕಾಣುವ ಹೊತ್ತಿಗೆ ಬೇಸಿಗೆಯೇ ಎದುರಾಗುತ್ತದೆ.

ನಾಲ್ಕೂ ಊರುಗಳ ಪರಿಸ್ಥಿತಿ ಒಂದೇ ತೆರನಾಗಿಲ್ಲ. ಬೆಟ್ಟಸಾಲಿನ ನಡುವಿನ ಸಂಡೂರಿನಲ್ಲಿ ರಾತ್ರಿಯ ತಂಪು ತುಸು ಹೆಚ್ಚು. ಸಮೀಪದ, ಸುಮಾರು ಸಾವಿರ ಮೀಟರ್ ಎತ್ತರದ ರಾಮನದುರ್ಗವನ್ನು ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರ ಆರೋಗ್ಯಧಾಮವನ್ನಾಗಿ ಮಾಡಿಕೊಂಡಿದ್ದರೆಂಬುದು ಇಲ್ಲಿ ಸ್ಮರಣೀಯ. ಈ ಹೂವಿಗೆ ನಾಲ್ಕರಲ್ಲಿ ಹೆಚ್ಚು ಒಗ್ಗುವ ತಾಣ ಸಂಡೂರೇ. ಆದರೆ ಅದಿರು ಸಾಗಣೆಯ ರಸ್ತೆಗಳ ಬದಿಯ ಮನೆಗಳಲ್ಲಿ ಕೆಂಧೂಳು ಎಲೆಯ ಮೇಲೆ ಕೂರದಂತೆ ಎಚ್ಚರ ವಹಿಸಬೇಕು.

ಕಂಪ್ಲಿಯ ಕಪ್ಪು ಮಣ್ಣು ಭತ್ತಕ್ಕೆ ವರವಾದರೂ ಪಾಪಿಗೆ ಶಾಪ. ನೀರು ಹಿಡಿದಿಡುವ ನೆಲದಲ್ಲಿ ಇದರ ತಾಯಿಬೇರು ಕೊಳೆಯುತ್ತದೆ. ಅಲ್ಲಿ ಕುಂಡ ಅಥವಾ ಒಂದು ಅಡಿ ಎತ್ತರಿಸಿದ ಮಡಿಯೇ ಗತಿ. ಹಂಪಿ, ಕಮಲಾಪುರದ ಬಂಡೆಗಳ ಊರಿನಲ್ಲಿ ಮರಳು ಮಿಶ್ರಿತ ಕೆಂಪು ಮಣ್ಣು ನೀರನ್ನು ಬಸಿಯುತ್ತದೆ. ಆದರೆ ಹಗಲು ಕಾದ ಕಲ್ಲು ರಾತ್ರಿಯೂ ಶಾಖ ಉಗುಳುತ್ತದೆ. ಬಂಡೆ, ಕಾಂಕ್ರೀಟು ಗೋಡೆಗಳಿಂದ ದೂರ ನೆಡುವುದು ಒಳಿತು. ಹೊಸಪೇಟೆಯಲ್ಲಿ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಬಳಿಕ ನೆರಳಾಗುವ ಪೂರ್ವ ದಿಕ್ಕಿನ ಅಂಗಳ ಸೂಕ್ತ.

ಬಿತ್ತುವ ಬಗೆ

ಬೀಜ ಧೂಳಿನಷ್ಟು ಸಣ್ಣದು. ಒಂದು ಚಿಟಿಕೆ ಬೀಜಕ್ಕೆ ಹತ್ತು ಪಟ್ಟು ಸಣ್ಣ ಮರಳು ಬೆರೆಸಿ, ಜರಡಿ ಹಿಡಿದ ಎರೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಯ ಮೇಲೆ ಉದುರಿಸಬೇಕು. ಮೇಲೆ ಮಣ್ಣು ಮುಚ್ಚಬಾರದು. ಮೊಳೆಯಲು ಬೆಳಕು ಬೇಕು. ಮೇಲಿನಿಂದ ನೀರು ಸುರಿದರೆ ಬೀಜ ಒಂದೆಡೆ ಸೇರಿಬಿಡುತ್ತದೆ. ತಟ್ಟೆಯನ್ನೇ ನೀರಿನ ಬೋಗುಣಿಯಲ್ಲಿಟ್ಟು ಕೆಳಗಿನಿಂದ ತೇವ ಹೀರಿಕೊಳ್ಳಲು ಬಿಡುವುದು ಉತ್ತಮ. ಉತ್ತರ ದಿಕ್ಕಿನ ಪಡಸಾಲೆಯಂತಹ ತಂಪು ಜಾಗದಲ್ಲಿಟ್ಟರೆ ಹತ್ತರಿಂದ ಹದಿನೈದು ದಿನಗಳಲ್ಲಿ ಮೊಳಕೆ ಕಾಣುತ್ತದೆ.

ತಾಯಿಬೇರು ಅಲುಗಿದರೆ ಸಸಿ ಚೇತರಿಸಿಕೊಳ್ಳುವುದು ಕಷ್ಟ. ಆದ್ದರಿಂದ ನಾಲ್ಕೈದು ಎಲೆ ಮೂಡಿದ ಕೂಡಲೇ, ಬುಡದ ಮಣ್ಣಿನ ಹೆಂಟೆ ಒಡೆಯದಂತೆ, ಇಪ್ಪತ್ತರಿಂದ ಇಪ್ಪತ್ತೈದು ಸೆಂಟಿಮೀಟರ್ ಅಂತರದಲ್ಲಿ ನಾಟಿ ಮಾಡಬೇಕು. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಕೊಡಬೇಕು. ಅತಿಯಾದ ಯೂರಿಯಾ ಎಲೆಯನ್ನು ಹೆಚ್ಚಿಸಿ ಹೂವನ್ನು ಕುಗ್ಗಿಸುತ್ತದೆ. ಹೇನು ಕಂಡುಬಂದರೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ ಹಾಗೂ ತುಸು ಸೋಪಿನ ದ್ರಾವಣ ಬೆರೆಸಿ ಸಂಜೆ ವೇಳೆ ಸಿಂಪಡಿಸಬಹುದು. ಗಿಡದ ಎಲ್ಲ ಭಾಗಗಳೂ ವಿಷಕಾರಿಯಾದ್ದರಿಂದ ಮಕ್ಕಳು, ಆಡುಕುರಿಗಳು ಬಾಯಿ ಹಾಕದಂತೆ ಕಾಯುವುದು ಅವಶ್ಯ.

ಕೊಯ್ಯುವುದೂ ಒಂದು ಕಲೆ

ನಮ್ಮ ಮನೆಗಳಲ್ಲಿ ಹೂ ಕೊಯ್ಯುವುದೆಂದರೆ ಪೂಜೆಗೆ, ಮುಡಿಗೆ ಬಿಡಿಹೂ ಬಿಡಿಸುವುದು. ಪಾಪಿ ಅದಕ್ಕೆ ಒದಗುವುದಿಲ್ಲ. ಮುಟ್ಟಿದರೆ ಎಸಳು ಉದುರುತ್ತದೆ. ಇದು ದೇಟು ಸಮೇತ ಕತ್ತರಿಸಿ ಹೂದಾನಿಯಲ್ಲಿಡುವ ಹೂ.

ಪೂರ್ತಿ ಅರಳಿದ ಹೂ ಹೆಚ್ಚು ಕಾಲ ಬಾಳದು. ಬಾಗಿದ ಮೊಗ್ಗು ತಲೆಯೆತ್ತಿ, ರೋಮದ ಹೊದಿಕೆ ಬಿರಿದು ಒಳಗಿನ ಬಣ್ಣ ಇಣುಕಿದಾಗ, ಬಿಸಿಲೇರುವ ಮುನ್ನ ಬುಡದಲ್ಲಿ ಕತ್ತರಿಸಬೇಕು. ಕತ್ತರಿಸಿದಲ್ಲಿ ರಸ ಒಸರುತ್ತದೆ. ತುದಿಯನ್ನು ಕೆಲವು ಕ್ಷಣ ಮೇಣದ ಬತ್ತಿಯ ಜ್ವಾಲೆಗೆ ಹಿಡಿದು ಅಥವಾ ಕುದಿಯುವ ನೀರಿನಲ್ಲಿ ಅದ್ದಿ, ಆನಂತರ ತಣ್ಣೀರಿನಲ್ಲಿ ಇರಿಸುವುದು ವಾಡಿಕೆ. ತಂಪಾದ ಕೋಣೆಯಲ್ಲಿ ದಿನವೂ ನೀರು ಬದಲಿಸಿದರೆ ನಾಲ್ಕೈದು ದಿನ ಬಾಳುತ್ತದೆ. ಕೊಯ್ದಷ್ಟೂ ಹೊಸ ಮೊಗ್ಗು ಬರುತ್ತದೆ. ಕಾಯಿ ಕಟ್ಟಲು ಬಿಟ್ಟರೆ ಹೂ ನಿಲ್ಲುತ್ತದೆ.

ಜೊತೆಗೆ ಯಾವ ಹೂ?

ಪಾಪಿಯೊಂದನ್ನೇ ನಂಬಿ ಅಂಗಳವನ್ನೆಲ್ಲ ಮೀಸಲಿಡುವುದು ಜಾಣತನವಲ್ಲ. ಹತ್ತು ಕುಂಡಗಳಲ್ಲಿ ಪ್ರಯೋಗ ಮಾಡಿ, ಉಳಿದ ಜಾಗಕ್ಕೆ ನಮ್ಮ ಹವೆಗೆ ಒಗ್ಗಿದ ದೇಟಿನ ಹೂಗಳನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ್ ಆಸ್ಟರ್ ತಳಿಗಳು, ಶೃಂಗಾರ್, ಸುವಾಸಿನಿ, ಪ್ರಜ್ವಲ್ ಸುಗಂಧರಾಜ ತಳಿಗಳು ಇದಕ್ಕೆ ಯೋಗ್ಯ. ಜಿನಿಯಾ, ಕಾಸ್ಮಾಸ್‌ಗಳಿಗೆ ಬಿಸಿಲಿನ ಭಯವಿಲ್ಲ.

ಪರದೇಶದ ಹೂ ಎಂಬ ಅಳುಕೂ ಬೇಕಿಲ್ಲ. ಸುಗಂಧರಾಜ ಮೆಕ್ಸಿಕೊದಿಂದ ಬಂದದ್ದು, ಆಸ್ಟರ್ ಚೀನಾದ್ದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿನ ಜನರಿಗೆ ಗುಲಾಬಿ ಅನ್ನದಷ್ಟೇ ಅಗತ್ಯವೆಂಬಂತಿದೆ ಎಂದು ದಾಖಲಿಸಿದ್ದಾನೆ. ವಿಜಯನಗರ ಜಿಲ್ಲೆಯದೇ ಆದ ಹಡಗಲಿ ಮಲ್ಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದಿದೆ. ಹೂವಿನ ಹುಚ್ಚು ಈ ನೆಲಕ್ಕೆ ಹೊಸತಲ್ಲ.

ತಳಿ, ಮಣ್ಣು, ರೋಗಬಾಧೆ ಕುರಿತ ಸಂದೇಹಗಳಿಗೆ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿ ಅಥವಾ ಜಲಾಶಯದಾಚೆಯ ಮುನಿರಾಬಾದಿನ ತೋಟಗಾರಿಕೆ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.

ನೆನಪಿಡಬೇಕಾದ ಅಂಶಗಳು

* ಪೊಟ್ಟಣದ ಮೇಲೆ ‘ನ್ಯುಡಿಕಾಲೆ’ ಎಂಬ ಹೆಸರಿರಲಿ. ಬರಿಯ ‘ಪಾಪಿ’ ಎಂದಿದ್ದರೆ ಕೊಳ್ಳಬೇಡಿ.
* ಅಡುಗೆಯ ಗಸಗಸೆಯನ್ನು ಎಂದಿಗೂ ಬಿತ್ತಬೇಡಿ.
* ಬಿತ್ತನೆ ಅಕ್ಟೋಬರ್ ಮೊದಲ ವಾರ, ನಾಟಿ ನವೆಂಬರ್ ಆರಂಭದಲ್ಲಿ.
* ಬೇಕಾದದ್ದು ನೀರು ಬಸಿಯುವ ಮಣ್ಣು, ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು.
* ಮಾರ್ಚ್‌ನಲ್ಲಿ ಗಿಡ ಒಣಗಿದರೆ ಅದು ನಿಮ್ಮ ಆರೈಕೆಯ ಲೋಪವಲ್ಲ, ಇಲ್ಲಿನ ಬಿಸಿಲಿನ ಸಹಜ ಪರಿಣಾಮ. ಅದೇ ಮಡಿಗೆ ಜಿನಿಯಾ ಬಿತ್ತಿ.